ಇಷ್ಟು ಉದ್ದ

ಬರೆಯಿರಿ ಅಮ್ಮಾ. ಮೇಲೆ ಕಾಸರಗೋಡು,
ಬದಿಗೆ ತಾರೀಕು. ತಾರೀಕು ನಿಮಗೆ ಗೊತ್ತು.
ನನಗೆ ಗೊತ್ತಿರುವುದು ಕಡವಿನ ನೀರು ಉಪ್ಪಾಗಿ
ಎಂಟು ದಿನ ಆದದ್ದು,
ಬಾವಿಯ ಹಗ್ಗಕ್ಕೆ ಇನ್ನೊಂದು ಮೊಳ ಸೇರಿಸಿದ್ದು.

ಸೀಲ ಉಪದೇಶಿಯವರಿಗೆ, ಎಂದು ಬರೆಯಿರಿ.
ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆ
ಎಂದು ನಂಬಿ ಬೆಳೆದವಳು ನಾನು.
ಅದೆಲ್ಲ ಅಜ್ಞಾನ ಎಂದು ಅಯ್ಯನವರು ನಕ್ಕಿದ್ದರು.
ಸೀಲ ಎನ್ನಬಹುದು, ಅದು ಸ್ನಾನದ ಮೇಲಿನ ಹೆಸರು.
ಮೊದಲಿನದ್ದು ಬೇರೆ ಉಂಟು,
ಅದನ್ನು ಈಗಲೂ ಹೇಳುವುದಿಲ್ಲ.
ಇದನ್ನು ಬರೆಯಬೇಡಿ.

ಕಾಗದ ತಲುಪಿತು. ಮಾಸ್ತರರು ಎರಡು ಸಲ ಓದಿದರು:
ಕೊಡಗಿನ ಚಳಿ, ಜಿಗಣೆ, ಕಾಪಿ ತೋಟದ ಆಳುಗಳು,
ಭಾನುವಾರ ಪ್ರಾರ್ಥನೆಗೆ ಹನ್ನೊಂದು ಜನ,
ಮಳೆ ಬಂದ ಭಾನುವಾರ ನಾಲ್ಕು.
ಕೊನೆಗೆ, ಕರ್ತನು ನಿನ್ನನ್ನು ಕಾಯಲಿ.
ನನ್ನ ಹೆಸರು ಎಲ್ಲಿಯಾದರೂ ಉಂಟಾ ಎಂದು
ಮೂರನೆಯ ಸಲ ಓದಿಸಿದೆ.
ಮಾಸ್ತರರು ಕನ್ನಡಕ ಒರೆಸಿಕೊಂಡು
ಉಂಟು, ಉಂಟು ಎಂದರು.
ಎಲ್ಲಿ ಎಂದು ತೋರಿಸಲಿಲ್ಲ.
ಇದೂ ಬೇಡ.

ಇಲ್ಲಿ ಎಲ್ಲರೂ ಕ್ಷೇಮ, ಎಂದು ಬರೆಯಿರಿ.
ಮೂರು ರೂಪಾಯಿ ತಿಂಗಳು ತಿಂಗಳು ಸಿಗುತ್ತದೆ.
ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸ ಕೊಟ್ಟಿದ್ದಾರೆ.
ಆಡು ಮರಿ ಹಾಕಿತು, ಒಂದು ಪೂರಾ ಬಿಳಿ.

ಹಿತ್ತಿಲ ತಾಳೆಮರಕ್ಕೆ ಈಗ ಬೇರೆ ಯಾರೋ ಹತ್ತುತ್ತಾರೆ.
ಮರ ಉಜ್ಜಿ ಉಜ್ಜಿ ಇವರ ಎದೆಯಲ್ಲಿ
ಕಪ್ಪಗೆ ಒಂದು ಗಡ್ಡೆ ಕಟ್ಟಿತ್ತು ಅಮ್ಮಾ.
ಅದರ ಮೇಲೆ ಈಗ ಗುಂಡಿ ಹಾಕಿದ ಬಿಳಿ ಅಂಗಿ.
ಗಡ್ಡೆ ಕರಗಿತಾ ಎಂದು ಕೇಳಬೇಕಿತ್ತು.
ಹೇಗೆ ಕೇಳುವುದು, ನಿಮ್ಮ ಕೈಯಲ್ಲಿ?

ಮರಣ ಅಗಲಿಸುವ ತನಕ ಎಂದು
ಮದುವೆಯ ದಿನ ಅಯ್ಯನವರು ಓದಿದ್ದರು,
ನಾವು ಆಗಲಿ ಎಂದಿದ್ದೆವು.
ಕೊಡಗು ಎಂದು ಅದರಲ್ಲಿ ಇರಲಿಲ್ಲ.
ಅಲ್ಲಿಯ ಜ್ವರ ಮಕ್ಕಳಿಗೆ ಆಗುವುದಿಲ್ಲವಂತೆ, ಇರಲಿ,
ದೊಡ್ಡವರು ಯೋಚಿಸಿಯೇ ಹೇಳಿದ್ದು.

ಈ ಹೊಳೆ ಅಲ್ಲಿಂದಲೇ ಇಳಿದು ಬರುವುದಂತೆ.
ಅವರ ಗುಡ್ಡದ ಬುಡದಲ್ಲಿ ಪಯಸ್ವಿನಿ,
ನಮ್ಮ ಕೋಟೆಯ ಕೆಳಗೆ ಚಂದ್ರಗಿರಿ.
ನೀರಿಗೂ ಹಾದಿಯಲ್ಲಿ ಹೆಸರು ಬದಲಾಗುತ್ತದೆ ನೋಡಿ.
ಆಟಿಯಲ್ಲಿ ಕೆಂಪಗೆ ಬರುವಾಗ ದಡದಲ್ಲಿ ನಿಂತು ನೋಡುತ್ತೇನೆ,
ಕಾಪಿಯ ಎಲೆ ಹೇಗಿರುತ್ತದೆ ಎಂದೇ ಗೊತ್ತಿಲ್ಲದೆ.
ಬೇಸಗೆಯಲ್ಲಿ ಕಡಲು ಹಿಂದಕ್ಕೆ ಹತ್ತುತ್ತದಲ್ಲ,
ಎಲ್ಲಿಯ ತನಕ ಎಂದು ದೋಣಿಯ ಮೊಯ್ದಿಂಞಿಯನ್ನು ಕೇಳಿದೆ.
ಎರಡು ಹರದಾರಿ, ಮೇಲೆ ಉಪ್ಪು ಹೋಗುವುದಿಲ್ಲ ಎಂದ.
ಇದನ್ನು ಬರೆಯಿರಿ.
ಬೇಡ, ಹೊಡೆದು ಹಾಕಿ.

ಮಗಳು ಈಗ ಎಷ್ಟಾದಳು ಎಂದು ಕೇಳಿದ್ದಾರೆ.
ಅವರು ಹೊರಟಾಗ ದಮರಿಗೆ ಹೊಸ್ತಿಲು ದಾಟಲು ಬರುತ್ತಿರಲಿಲ್ಲ.
ಇಗೊಳ್ಳಿ, ಮಗ್ಗದ ಮನೆಯ ನೂಲು,
ಕೇಳಿಯೇ ತಂದದ್ದು.
ಹಿಮ್ಮಡಿಯಿಂದ ನೆತ್ತಿಗೆ ಹಿಡಿದು ಕತ್ತರಿಸಿದ್ದೇನೆ.
ಈ ಗಂಟು ಹೋದ ಕ್ರಿಸ್ಮಸಿನದ್ದು,
ಇದು ಅವಳಿಗೆ ಕೆಮ್ಮು ಬಿಟ್ಟ ದಿನದ್ದು,
ತುದಿ ಇವತ್ತಿನದ್ದು.
ಕಾಗದದ ಒಳಗೆ ಮಡಚಿಡಿ.
ಅಲ್ಲಿ ಬಾಗಿಲ ಚೌಕಟ್ಟಿಗೆ ಹಿಡಿಯಲಿ,
ಕೆಳತುದಿ ನೆಲಕ್ಕೆ ಮುಟ್ಟಿಸಲಿ,
ಮೇಲ್ತುದಿಯ ಹತ್ತಿರ ಕೈ ಇಟ್ಟು ನೋಡಲಿ.

ಎಂತ ಅಮ್ಮಾ, ಲೇಖನಿ ನಿಂತಿತು?

ನಿಮ್ಮವರು ಹುಡುಗರಿಬ್ಬರನ್ನು ಕರೆದುಕೊಂಡು
ಹಡಗು ಹತ್ತಿ ಮೂರು ಬೇಸಗೆ ಆಯಿತು, ಅಲ್ಲವಾ?
ಶಾಲೆಯ ಹುಡುಗಿಯರನ್ನು ಬಿಟ್ಟು ಬರಬಾರದು ಎಂದು
ನಿಮಗೂ ಕಮಿಟಿಯ ಕಾಗದ ಬಂದಿತ್ತಂತೆ.

ನೂಲು ಉಂಟು. ಬೇಕಾದಷ್ಟು ಉಂಟು.
ಈ ತುದಿ ನೀವು ಹಿಡಿಯಿರಿ,
ಉಂಡೆ ನನ್ನ ಕೈಯಲ್ಲಿರಲಿ.
ದೊಡ್ಡವನದ್ದು ಮೊದಲು.
ಸಾಕು ಎಂದಲ್ಲಿ ಕತ್ತರಿಸುತ್ತೇನೆ.

ಹೇಳಿ ಅಮ್ಮಾ.
ನಾನು ಬಾಗಿಲ ತನಕ ಬಂದೆ.