ಕೂತ ಸದ್ದು

ಸೊಂಟದಿಂದ ಕೆಳಗೆ ನಾನಿಲ್ಲ.
ಬೆನ್ನಿಗೆ ಚುಚ್ಚಿದ ಸೂಜಿ ಅರ್ಧ ಆಳನ್ನು ಎಲ್ಲಿಗೋ ಒಯ್ದಿದೆ.
ನಡುವೆ ಹಸಿರು ಪರದೆ. ಅದರಾಚೆ,
ಕಾರವಾರದ ಆಸ್ಪತ್ರೆಯೊಳಗೆ,
ಯಾರೋ ಬಡಗಿ ಕೆಲಸ ಮಾಡುತ್ತಿದ್ದಾರೆ.

ಗರಗಸ ಗೊತ್ತಾಯಿತು. ಆಮೇಲೆ ಅರ.
ಈಗ ಸುತ್ತಿಗೆ.

ಮೊನ್ನೆ ಎಕ್ಸರೇ ಬೆಳಕಿಗೆ ಹಿಡಿದು ಡಾಕ್ಟರು
"ಮೂಳೆ ಟೊಳ್ಳಾಗಿದೆ, ಶಾಣು ಆಚಾರಿ" ಅಂದಾಗ
ನಗು ಬಂತು.
ಬೇಲೆಕೇರಿಯಲ್ಲಿ ನಲವತ್ತು ವರ್ಷ
ದೋಣಿಗಳ ಹೊಟ್ಟೆ ತಟ್ಟಿದವ ನಾನು.
ಹುಳ ತಿಂದ ಹಲಗೆ ಹೊರಗೆ ಬಣ್ಣ ಬಳಿದುಕೊಂಡಿರುತ್ತದೆ,
ಬೆರಳ ಗೆಣ್ಣಿಗೆ ಮಾತ್ರ ನಿಜ ಹೇಳುತ್ತದೆ.
"ಟೊಳ್ಳಿನಲ್ಲಿ ಆಣಿ ನಿಲ್ಲುತ್ತದೋ?"
"ಬೇಕಾದರೆ ಸಿಮೆಂಟು ಹಾಕುತ್ತೇವೆ."
ನಾವು ರಾಳ ಹಾಕುತ್ತೇವೆ. ಒಂದೇ ಮಾತು.

ಠಕ್.
ಠಕ್. ಸಡಿಲ.
ಠಕ್. ಇನ್ನೂ ಸಡಿಲ.
ಪೆಟ್ಟು ಹಲ್ಲಿನವರೆಗೆ ಬರುತ್ತದೆ, ನೋವು ಬರುವುದಿಲ್ಲ.
ಠಣ್.

ಅದೇ.
ಆಣಿ ಮತ್ತಿಮರದ ಗಟ್ಟಿ ಮುಟ್ಟಿದಾಗ ಏಳುವ ದನಿ.
ಇನ್ನೊಂದು ಹೊಡೆದರೆ ಸೀಳುತ್ತದೆ.
ಹಮ್ಮು ಹರಿಕಂತ್ರನ ದೋಣಿಗೆ
ನಾನೇ ಒಮ್ಮೆ ಆ ಇನ್ನೊಂದು ಹೊಡೆದಿದ್ದೆ.
ಡಾಂಬರು ಬಳಿದು ಕೊಟ್ಟೆ. ಹೇಳಲಿಲ್ಲ.
ಆ ಮಳೆಗಾಲವಿಡೀ ಅಳಿವೆಯ ಕಡೆ ನೋಡುತ್ತ ಕೂತೆ.

"ಸಾಕು" ಎಂದೆ, ಪರದೆಗೆ.

ಆಚೆ ಸುತ್ತಿಗೆ ಎತ್ತಿದಲ್ಲೇ ನಿಂತಿತು.
ನರ್ಸಮ್ಮ ಬಗ್ಗಿದಳು: "ನೋವಾ ಅಜ್ಜಾ?"
ಇಲ್ಲ ತಂಗಿ. ಕೂತಿತು.

ಒಂದು ಉಸಿರಿನಷ್ಟು ಹೊತ್ತು ಯಾರದ್ದೂ ಮಾತಿಲ್ಲ.
ಆಮೇಲೆ ತಟ್ಟೆಯಲ್ಲಿ ಕಬ್ಬಿಣ ಇಟ್ಟ ಸದ್ದು,
ಮೆಲ್ಲಗೆ,
ಕಸಬು ಗೊತ್ತಿದ್ದವರು ಇಡುವ ಹಾಗೆ.