ನಲವತ್ತೊಂದನೇ ವ್ಯಾಗನ್

ಜನನಪತ್ರದಲ್ಲಿ ಆಸ್ಪತ್ರೆಯ ಹೆಸರುಂಟು. ಅದು ಸುಳ್ಳು.
ನಾನು ಹುಟ್ಟಿದ್ದು ಜೆಪ್ಪಿನ ಆಚೆಯ ರೈಲ್ವೆ ಗೇಟಿನಲ್ಲಿ,
ಲಿಗೋರಿಯವರ ಆಟೋದೊಳಗೆ,
ಗೂಡ್ಸ್ ಹೋಗುತ್ತಾ ಇರುವಾಗ.
ನೋವು ತಡೆಯಲಿಕ್ಕೆ ಅಮ್ಮ ವ್ಯಾಗನ್ ಲೆಕ್ಕ ಹಾಕಿದ್ದಂತೆ:
ನಲವತ್ತೊಂದಕ್ಕೆ ನಾನು.
ಬುಟ್ಟಿ ಇಳಿಸಿ ಮರೆ ಹಿಡಿದವಳು ಮೀನಿನ ಸುಂದರಿ.
ಸುತ್ತಲಿಕ್ಕೆ ಬಟ್ಟೆಯಿಲ್ಲದೆ
ಗೇಟಿನ ಐತಪ್ಪಣ್ಣ ಹಸಿರು ಬಾವುಟ ಕೊಟ್ಟರು,
ಇಲಾಖೆಗೆ ‘ಗಾಳಿಗೆ ಹಾರಿಹೋಯಿತು’ ಎಂದು ಬರೆದರು.

ಆಮೇಲೆ ಸೇತುವೆ ಬಂತು. ಬಂತು ಎಂದರೆ,
ಹಳಿಯ ಮೇಲಿನ ತುಂಡು ರೈಲ್ವೆಯದ್ದು, ಅದು ಮೊದಲು.
ಎರಡು ಬದಿಯ ಏರು ಪಾಲಿಕೆಯದ್ದು, ಅದಕ್ಕೆ ಟೆಂಡರಿಲ್ಲ.
ನಾನು ಒಂದನೇ ಕ್ಲಾಸಿನಿಂದ ಏಳಕ್ಕೆ ಹೋಗುವವರೆಗೆ
ಅದು ಆಕಾಶದಲ್ಲಿ ಹಾಗೆಯೇ ನಿಂತಿತ್ತು,
ಹತ್ತಲಿಕ್ಕೂ ಇಲ್ಲ, ಇಳಿಯಲಿಕ್ಕೂ ಇಲ್ಲ.
ಕಾಗೆಗಳು ಅದರ ಮೇಲೆ ಕೂತು ಬಂಗುಡೆ ತಲೆ ತಿಂದವು.
ಅಡಿಗಲ್ಲು ಎರಡು ಸಲ; ಎರಡನೆಯದು
ಈಗ ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು.

ಈಗ ದಾಟಲಿಕ್ಕೆ ನಲವತ್ತು ಸೆಕೆಂಡು.
ಐತಪ್ಪಣ್ಣನ ಗೂಡಿನ ಹೆಂಚು ಒಂದೊಂದಾಗಿ ನಡೆದುಹೋಯಿತು.
ಸುಂದರಿ ಎಲ್ಲಿಯೋ.
ಯಾರೂ ಕಾಯುವುದಿಲ್ಲ, ಒಳ್ಳೆಯದೇ;
ನಾನೂ ಹಾರ್ನ್ ಹಾಕುವವಳೇ.

ನಿನ್ನೆ ಸಂಜೆ ಸೇತುವೆ ಮೇಲೆ ಬ್ಲಾಕ್,
ಸಿಮೆಂಟು ಲಾರಿಯ ಆಕ್ಸಿಲ್ ತುಂಡು.
ಕೆಳಗೆ ಗೂಡ್ಸ್ ಬಂತು, ನಿಧಾನ, ಬಸುರಿಯ ಹಾಗೆ.
ಸ್ಕೂಟರು ಬಂದ್ ಮಾಡಿ ಕಟ್ಟೆಗೆ ಒರಗಿ ಎಣಿಸಿದೆ.
ಮೂವತ್ತೆಂಟು. ಮೂವತ್ತೊಂಬತ್ತು.
ಹಿಂದಿನ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಬಡಿದ:
‘ಅಕ್ಕ, ಹೋಗಿ ಮಾರಾಯ್ರೆ, ದಾರಿ ಆಯ್ತು.’
ಇನ್ನೆರಡು ಉಂಟು, ಎಂದೆ.