ಕುಣಿ

ಅಮಾಸಿ. ಮಗ್ಗ ಹೂಡೂದಿಲ್ಲ ಅವತ್ತು.
ಲಾಳಿ ಸಪ್ಪಳಿಲ್ಲದ ಇಳಕಲ್ಲಿನ ಓಣಿ
ಕಿವಿಯೊಳಗ ನೀರು ಹೊಕ್ಕಂಗ ಇರತೈತಿ.
ಎರಡನೇ ಆಟಕ್ಕ ಹೊಂಟಿವಿ
ನಾನು, ದಾವಲಸಾಬ, ನನ್ನ ಸೋದರಳಿಯ ಮುರಿಗೆಪ್ಪ.
ಡೇರೆ ಟಾಕೀಸು. ಬಾಕಿಗೆ ಐದು, ನೆಲಕ್ಕ ಎರಡು ರೂಪಾಯಿ.
ನಾವು ನೆಲದವರು.

ಪೋಸ್ಟರಿನ್ಯಾಗಿದ್ದ ಅರ್ಧ ಅಂಜಿಕಿನೂ
ಪಡದಿ ಮ್ಯಾಲ ಇರಲಿಲ್ಲ.
ಈಜಿಪ್ತ ಅಂದ್ರ ನಾಕು ಗಾಡಿ ಉಸುಕು,
ಮತ್ತ ಒಂದ ಒಂಟಿ. ಅದನ್ನ ತಿರುತಿರುಗಿ ನಡಿಸಿದ್ದರು,
ಹರಿದ ಎಡಗಿವಿ ನೋಡಿ ಮುರಿಗೆಪ್ಪ ಗುರುತು ಹಿಡದ.
ಕಲ್ಲಿನ ಬಾಗಲಾ ಅಂತ, ಕೈ ತಾಗಿದ್ರ ಅಲುಗತಿತ್ತು.
ಕೆಂಪುಗಲ್ಲು ಒಡದು ಒಡದು
ಕೈ ಒರಟಾದ ಮಂದಿ ಕುಂತಿದ್ದರು ಅಲ್ಲಿ;
ಅವರ ಮುಂದ ಹಲಗಿಗೆ ಬಣ್ಣ ಬಳದು
ಕಲ್ಲು ಅಂದ್ರ ಹೆಂಗ?

ಹ್ಯಾಟಿನ ಸಾಹೇಬ ಕಂದೀಲು ಎತ್ತಿ
ಗ್ವಾಡಿ ಮ್ಯಾಲಿನ ಹಕ್ಕಿ, ಕಣ್ಣು, ಹಾವು
ಹಿಂದಿಯೊಳಗ ಓದಿದ. ತಿಳೀಲಿಲ್ಲ.
ದಾವಲಸಾಬ ನಮ್ಮ ಮಾತಿಗೆ ಇಳಿಸಿದ:
"ಈ ಕುಣಿಗೆ ಇಳದಾವ ಉಳಿಯೂದಿಲ್ಲಂತ."

ಹೆಣ ಎದ್ದಿತು.
ಹೆಂಗಸರ ಕಡೆ ಒಂದು ಕೂಸು ಚೀರಿತು.
ನನಗ ಹೆಣ ಕಾಣಲಿಲ್ಲ, ಅರಿವಿ ಕಂಡಿತು.
ಏನ್ ಮಾಡೂದು, ಕಣ್ಣು ಹಂಗ ಬೆಳದಾವು.
ಸಣ್ಣ ನೂಲಲ್ಲ. ಹೊಕ್ಕು ಸಡಿಲ. ಪಾವರಲೂಮಿಂದು.
ಹೊಸಾ ಅರಿವಿ, ಗಂಜಿ ಸುದ್ದಾ ಇಳದಿಲ್ಲ,
ಚಾದಾಗ ಎದ್ದಿ ಹಳೇದು ಮಾಡ್ಯಾರ.
ಮತ್ತ ಎಡಮೊಣಕಾಲಿನ ಕೆಳಗ
ಅರ್ಧ ಅಳಿಸಿದ ನೀಲಿ ಸಿಕ್ಕಾ.

"ಮೂರು ಸಾವಿರ ವರ್ಷದ ಹೆಣಕ್ಕ
ಗಿರಣಿ ಸಿಕ್ಕಾ ಐತಲ್ಲೋ!"
ಜೋರಾಗೇ ಅಂದೆ. ನೆಲ ಪೂರಾ ನಕ್ಕಿತು.
ಬಾಕಿನಿಂದ ಯಾರೋ ಕೂಗಿದ:
"ಮೀಟರಿಗೆ ಎಷ್ಟಂತ ಕೇಳಪಾ!"
ಅಷ್ಟರಾಗ ಅದು ಸಾಹೇಬನ ಕುತ್ತಿಗಿ ಹಿಚುಕಿತು.
ಸಿಳ್ಳಿ.

ದಾವಲಸಾಬ ನಗಲಿಲ್ಲ.
ಹ್ವಾದ ರಂಜಾನದಾಗ ತನ್ನ ತಾಯಿಗೆ
ಅಂವನ ಅಳದು, ಅಂವನ ಹರಿದಿದ್ದ ಬಿಳೇ ಅರಿವಿ.
ಬೀಡಿ ಆರಿದ್ದು ಮರತು ಹಿಡಕೊಂಡು
ಸಾವಕಾಶ ಅಂದ:
"ಅರಿವಿ ಸುಳ್ಳ. ಸುತ್ತೂದು ಮಾತ್ರ
ಬರೋಬ್ಬರಿ ಸುತ್ಯಾರ.
ಯಾರೋ ಕಲಿತಾವ ಅದಾನ."
ಆಮ್ಯಾಲ ಮನಿ ಮುಟ್ಟೂತನಕ ಮಾತಿಲ್ಲ.

ನಮ್ಮಲ್ಲಿ ಮಲಗಸೂದಿಲ್ಲ. ಕೂಡಸತೇವಿ.
ಅಪ್ಪನ್ನ ಕುಣಿಯೊಳಗ ಕೂಡಿಸಿದಾಗ
ಬೆನ್ನು ನೆಟ್ಟಗಿತ್ತು, ತೋಳು ಸ್ವಲ್ಪ ಮುಂದ,
ತೆನಿ ಎಣಸಾಕ ಬಗ್ಗಿದಂಗ.
ಚಟ್ಟದ ಹೂವು ಸರಿಸಿ ಕಾಕಾ ಅಂದಿದ್ದ:
"ಇಂವಗ ರೂಢಿ ಐತಿ ಬಿಡು."
ಅವತ್ತ ಅದು ಚ್ಯಾಷ್ಟಿ ಅನಿಸಿತ್ತು.

ಮರುದಿನ ನಸಿಕಿನ್ಯಾಗ ಮಗ್ಗದ ಕುಣಿಗೆ ಇಳಿಯೂ ಮುಂದ
ಒಂದು ಕಾಲು ಮ್ಯಾಲ ತಡೀತು.
ಐವತ್ತೊಂದು ವರ್ಷ ಇಲ್ಲೇ ಇಳದಿದ್ದ ಅಪ್ಪ.
ಉಳೀಲಿಲ್ಲ, ಖರೆ.
ಇಳೀದಿದ್ದರ ಉಳೀತಿದ್ದನ, ಅದನ್ನ ಗ್ವಾಡಿ ಹೇಳಲಿಲ್ಲ.
ಕುಣಿಯ ನೆಲದಾಗ ಅವನ ಹಿಮ್ಮಡ
ಎರಡು ತಗ್ಗು ಮಾಡೈತಿ.
ನನ್ನ ಕಾಲು ತಾನಾಗೇ ಅವರೊಳಗ ಕುಂತುವು.
ತಂಪು.
ಲಾಳಿ ಹೊಡದೆ.

ಮಧ್ಯಾಹ್ನಕ್ಕ ಸೆರಗು ಮುಗೀತು,
ದಾಳಿಂಬರ ಬಣ್ಣದ್ದು, ತೋಪಿನ ತೆನಿ.
ಮಡಿಚಿ, ಮಡಿಕಿ ಮ್ಯಾಲ ಅಂಗೈ ಒತ್ತಿ,
ನನಗ ಯಾಕ ಬುದ್ಧಿ ಬಂತೋ,
ಆ ಸಾಹೇಬನಂಗ ದನಿ ದಪ್ಪ ಮಾಡಿ
ಸೀರಿಗೆ ಹೇಳಿದೆ:
ನಿನ್ನ ಬಿಚ್ಚಿದಾಕಿಗೆ ಏನೂ ಆಗಬಾರದು.
ನೂರು ವರ್ಷ.
ಅಂಗಡ್ಯಾಗ ಇಪ್ಪತ್ತು ಬಿಚ್ಚಿಸಿ
ಒಂದೂ ಕೊಳ್ಳದ ಎದ್ದು ಹೋಗಾಕಿಗೆ
ಬೇಕಾದ್ರ,
ಸಂಜೀತನಕ ಸಣ್ಣಗ ತಲಿನೋವು.